ಅಂಗೈಯಲ್ಲಿ ಕತ್ತರಿ

ಪ್ರಥಮ ಚಿಕಿತ್ಸೆಯ ಕೋರ್ಸು ಎಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ ಎಂದು ವಿಚಾರಿಸುತ್ತಾ ತಿರುಗಿದ ಆ ಬೇಸಿಗೆಯಲ್ಲಿ ನಾನು ಹೋದಕಡೆಯೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೊಂಬೆ ಇದೆಯಾ? ಎದೆ ಒತ್ತುವುದನ್ನು ಬೊಂಬೆಯ ಮೇಲೆ ಕಲಿಸುತ್ತಾರೆ ಎಂದು ಯಾರದೋ ಬಾಯಲ್ಲಿ ಕೇಳಿದ್ದೆ. ಸರ್ಟಿಫಿಕೇಟು ಯಾವಾಗ ಕೊಡುತ್ತೀರಿ ಎಂದು ಕೇಳದೆ ಬೊಂಬೆಯ ಸುದ್ದಿ ತೆಗೆಯುವ ಹೆಂಗಸನ್ನು ಕಂಡು ಕೆಲವರು ನಕ್ಕರು. ನಗಲಿ. ನಾನು ರಾಯದುರ್ಗದಲ್ಲಿ ಹೊಲಿಗೆ ಹಾಕಿ ಬದುಕುವವಳು. ಬರೀ ನೋಡಿ ಹೊಲಿಗೆ ಕಲಿತವರನ್ನು ಇದುವರೆಗೆ ಕಂಡಿಲ್ಲ. ಮಷೀನಿನ ಮುಂದೆ ಕೂತು, ದಾರ ಹರಿದುಕೊಂಡು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಕೈಗೆ ಹತ್ತುವ ಕೆಲಸ ಅದು. ಬಟ್ಟೆಗೇ ಹೀಗಿರುವಾಗ ಮನುಷ್ಯನ ಎದೆಯನ್ನು ಪರದೆಯ ಮೇಲೆ ನೋಡಿ ಕಲಿಯುವುದೆಂದರೆ ನನಗೆ ನಂಬಿಕೆ ಬರಲಿಲ್ಲ.

ನಮ್ಮದು ಮನೆಯ ಮುಂಭಾಗದಲ್ಲೇ ಇರುವ ಸಣ್ಣ ಯೂನಿಟ್ಟು. ಬೆಂಗಳೂರಿನ ಪಾರ್ಟಿಯೊಬ್ಬರು ಕಳಿಸುವ ಬಟ್ಟೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿದು ಕೊಡುತ್ತೇವೆ. ನಮ್ಮವರು, ಅಂದರೆ ನನ್ನ ಗಂಡ, ಕಟಿಂಗ್ ಮಾಸ್ಟರು. ಬಟ್ಟೆ ಹಾಸಿ ಅಳತೆ ಗೀಚಿ ಕತ್ತರಿಸುವುದು ಅವರ ಕೆಲಸ. ಹೊಲಿಗೆ ನಾನೂ, ಓಣಿಯ ನಾಲ್ಕಾರು ಹೆಂಗಸರೂ. ಕೊನೆಗೆ ಇಸ್ತ್ರಿ ಹಾಕಿ ಮಡಚಿ ಕಟ್ಟುವುದು ಅವರ ಅಣ್ಣ, ನನ್ನ ಭಾವ. ಭಾವ ಮದುವೆಯಾಗಲಿಲ್ಲ. ತಂದೆ ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ದೊಡ್ಡವನನ್ನಾಗಿ ಮಾಡುವುದೇ ಅವರ ಸಂಸಾರವಾಯಿತು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯ ಜಾಗದಲ್ಲಿ ಇದ್ದದ್ದು ಭಾವನೇ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಅತ್ತೆಯಂತೆ ಮುಖ ಗಂಟು ಹಾಕುತ್ತಿದ್ದರು, ಬಾಯಿ ಬಿಟ್ಟು ಮಾತ್ರ ಏನೂ ಅನ್ನುತ್ತಿರಲಿಲ್ಲ.

ಅನ್ನುವುದಾದರೂ ಹೇಗೆ? ನಮ್ಮಲ್ಲಿ ಗಂಡನ ಅಣ್ಣನ ಎದುರು ಸೊಸೆಯಾದವಳು ಕೂರುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ಓಣಿಯಲ್ಲಿ ಈಗಿನ ಹುಡುಗಿಯರು ಅದನ್ನೆಲ್ಲ ಗಾಳಿಗೆ ತೂರಿದ್ದಾರೆ, ಆದರೆ ನಮ್ಮ ಮನೆಯಲ್ಲಿ ಅದು ಹಾಗೇ ಉಳಿಯಿತು. ಮೊದಲು ನಮ್ಮವರ ಮೂಲಕ, ಆಮೇಲೆ ಮಗಳ ಮೂಲಕ ಮಾತು ಸಾಗುತ್ತಿತ್ತು. ಒಂದೇ ಕೋಣೆಯಲ್ಲಿ ನಾನು ಮಷೀನಿನ ಮೇಲೆ ಬಗ್ಗಿರುತ್ತಿದ್ದೆ, ಅವರು ಇಸ್ತ್ರಿ ಟೇಬಲ್ಲಿನ ಹತ್ತಿರ ನಿಂತಿರುತ್ತಿದ್ದರು. "ನಿಮ್ಮವ್ವಗ ಹೇಳು, ನೀಲಿ ದಾರ ಮುಗದೈತಿ," ಎಂದು ಮಗಳಿಗೆ ಹೇಳುತ್ತಿದ್ದರು. ಅವಳು ನನ್ನ ಕಡೆ ತಿರುಗಿ ಕಣ್ಣರಳಿಸುತ್ತಿದ್ದಳು, ಯಾಕೆಂದರೆ ನನಗೆ ಅದು ಅವಳಿಗಿಂತ ಮೊದಲೇ ಕೇಳಿಸಿರುತ್ತಿತ್ತು. ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಒಬ್ಬರಿಗೊಬ್ಬರು ಒಂದು ಮಾತೂ ನೇರವಾಗಿ ಆಡದೆ ಒಂದೇ ಒಲೆಯ ಅನ್ನ ಉಂಡೆವು.

ನಮ್ಮವರಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತಂತೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಬಡಿಯುತ್ತಿತ್ತಂತೆ. ಆಗೆಲ್ಲ ಓಡಿ ಬಂದು ಕೈಗೆ ಕಬ್ಬಿಣ ಕೊಡುತ್ತಿದ್ದವರು ಭಾವ. ಬೀಗದ ಕೈಯೋ, ಕುಡುಗೋಲಿನ ಹಿಡಿಯೋ, ಏನು ಸಿಕ್ಕರೆ ಅದು. ದರ್ಜಿ ಮನೆಯಾದ್ದರಿಂದ ಹೆಚ್ಚಾಗಿ ಕತ್ತರಿ. ಮಗು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮೈ ಸಡಿಲಾಗಿ ಕಣ್ಣು ಬಿಡುತ್ತಿತ್ತು. ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತರು. ದೊಡ್ಡವರಾಗುತ್ತಾ ಅದು ನಿಂತೂ ಹೋಯಿತು. ನಾನು ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ನೋಡಿದವಳಲ್ಲ. ಆದರೂ ಭಾವನಿಗೆ ಅದೊಂದು ಹೆಮ್ಮೆಯ ವಿಷಯವಾಗಿ ಉಳಿದಿತ್ತು. ತಮ್ಮನನ್ನು ಎಷ್ಟೋ ಸಲ ವಾಪಸು ಕರೆತಂದವನು ನಾನು ಎನ್ನುವ ಧಾಟಿಯಲ್ಲಿ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಮ್ಮವರು ಹೌದ್ಹೌದು, ನಿನ್ನಿಂದಲೇ ಬದುಕಿದ್ದೀನಿ ಎಂದು ನಗುತ್ತಿದ್ದರು.

ಅದು ಆದ ದಿನ ನಾನು ಮನೆಯಲ್ಲಿರಲಿಲ್ಲ. ನನ್ನ ತವರು ಮಡಕಶಿರಾ ಕಡೆ, ಗುಡಿಬಂಡೆಯ ಹತ್ತಿರದ ಹಳ್ಳಿ. ತಂಗಿಯನ್ನು ಅದೇ ಊರಿಗೆ ಕೊಟ್ಟಿದ್ದಾರೆ. ಅವಳ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಗೂಡು ಕಟ್ಟಲು ಯಾರಿಗೂ ಕಾಯುವುದಿಲ್ಲ, ಎಲ್ಲರೂ ಸೇರಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಆ ಕೆಲಸಕ್ಕೆ ಕೈ ಸಾಲದು ಎಂದು ನನ್ನನ್ನು ಕರೆಸಿಕೊಂಡಿದ್ದಳು. ಹುಳ ಆರಿಸುತ್ತಾ ಕೂತಿದ್ದಾಗ ಫೋನು ಬಂತು. ಮಧ್ಯಾಹ್ನ ಊಟ ಮುಗಿಸಿ ನಮ್ಮವರು ಕಟಿಂಗ್ ಟೇಬಲ್ಲಿಗೆ ಬಂದರಂತೆ, ಸೀಮೆಸುಣ್ಣ ಕೈಗೆ ತಗೊಂಡರಂತೆ, ಹಾಗೇ ಕುಸಿದರಂತೆ. ಕೈಕಾಲು ಒಂದಿಷ್ಟು ಅದುರಿತಂತೆ. ಗಂಟಲಲ್ಲಿ ಗೊರಕೆಯಂಥ ಸದ್ದು ಬಂತಂತೆ. ಹೆಂಗಸರು ಕಿರುಚಿಕೊಂಡು ಗಾಡಿ ಕರೆಯೋಣ ಎಂದಾಗ ಭಾವ, ಗಾಬರಿಯಾಗಬೇಡಿ, ಇವನಿಗೆ ಇದು ಹಳೇದು, ನನಗೆ ಗೊತ್ತಿದೆ ಎಂದು ದೊಡ್ಡ ಕತ್ತರಿಯನ್ನು ತಮ್ಮನ ಬಲಗೈಗೆ ಕೊಟ್ಟು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರಂತೆ. ಎಲ್ಲರೂ ಕಾದರು. ಗಾಳಿ ಬೀಸಿದರು, ಮುಖಕ್ಕೆ ನೀರು ಚಿಮುಕಿಸಿದರು, ಮತ್ತೆ ಕಾದರು. ಕೊನೆಗೆ ಆಟೋದಲ್ಲಿ ಹಾಕಿಕೊಂಡು ಹೋದಾಗ ಡಾಕ್ಟರು, ಹೃದಯ ನಿಂತಿದೆ, ಬರುವ ಮೊದಲೇ ಮುಗಿದಿದೆ ಎಂದರು. ಇದೆಲ್ಲವನ್ನೂ ಹೊಲಿಗೆಯ ಹೆಂಗಸರು ನನಗೆ ಆಮೇಲೆ ಹೇಳಿದ್ದು.

ನಾನು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ನಮ್ಮವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ನಾನು ಬಲಗೈ ಹಿಡಿದುಕೊಂಡೆ. ಅಂಗೈಯಲ್ಲಿ ಕತ್ತರಿಯ ಹಿಡಿ ಒತ್ತಿದ ಗುರುತು ಬಳೆಯ ಹಾಗೆ ಅರ್ಧ ಸುತ್ತು ಮೂಡಿತ್ತು. ಅಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಎಂದುಕೊಂಡೆ. ಆ ಒಂದು ಗುರುತನ್ನು ನಾನು ಎಷ್ಟು ಸಲ ನೆನಪಿಸಿಕೊಂಡೆನೋ. ಸುಮ್ಮನೆ ಹೋಗಲಿಲ್ಲ ಇವರು, ಕೊನೆಯವರೆಗೂ ಏನನ್ನೋ ಹಿಡಿದುಕೊಂಡೇ ಇದ್ದರು, ಬರುತ್ತೇನೆಂದೇ ಇದ್ದರು ಎಂದು. ಅದರಿಂದ ನನಗೆ ಸಂಕಟವೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ವರ್ಷ ತುಂಬಿದ ಮೇಲೆ ಬೆಂಗಳೂರಿನ ಪಾರ್ಟಿಯವರು, ಪ್ರತಿ ಯೂನಿಟ್ಟಿನಿಂದ ಇಬ್ಬರು ಪ್ರಥಮ ಚಿಕಿತ್ಸೆ ಕಲಿತಿರಬೇಕು, ಎಲ್ಲಿ ಬೇಕಾದರೂ ಕಲಿಯಿರಿ, ಸರ್ಟಿಫಿಕೇಟು ತೋರಿಸಿ ಎಂದರು. ಬೇರೆ ಯೂನಿಟ್ಟಿನವರು ಇದೊಂದು ಹೊಸ ತಲೆನೋವು ಎಂದು ಗೊಣಗಿದರು. ನಾನು ಗೊಣಗಲಿಲ್ಲ. ಅದಕ್ಕೂ ಮೊದಲೇ ನನ್ನ ಮನಸ್ಸಿನಲ್ಲಿ ಅದು ಇತ್ತು. ಆ ಮಧ್ಯಾಹ್ನ ಏನು ಮಾಡಬಹುದಿತ್ತು ಎನ್ನುವುದನ್ನು ತಿಳಿಯದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ತಿಳಿದರೆ ಹತ್ತುತ್ತದೆ ಎಂದು ಯಾಕೆ ಅಂದುಕೊಂಡೆನೋ ಕಾಣೆ.

ಮೊದಲು ಹೋದದ್ದು ಬಳ್ಳಾರಿಗೆ. ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಒಂದು ಸಂಸ್ಥೆ. ಎ.ಸಿ. ಇತ್ತು, ಕುರ್ಚಿಗಳಿಗೆ ಕವರು ಹಾಕಿದ್ದರು. ಟೇಬಲ್ಲಿನ ಹಿಂದೆ ಕೂತಿದ್ದ ಹುಡುಗಿ ಚೆನ್ನಾಗಿ ಮಾತಾಡಿಸಿದಳು. ಅರ್ಧ ದಿನ ಸಾಕು ಆಂಟಿ, ಪರದೆಯ ಮೇಲೆ ತೋರಿಸುತ್ತಾರೆ, ಎಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಸಂಜೆಗೆ ಸರ್ಟಿಫಿಕೇಟು ಎಂದಳು. ಬೊಂಬೆ ಕೇಳಿದೆ. ಸದ್ಯಕ್ಕೆ ಇಲ್ಲ ಎಂದಳು. ಇಂಗ್ಲಿಷು ನಮಗೆ ಬರೋದಿಲ್ಲವಲ್ಲ ಎಂದರೆ, ಬರಬೇಕಂತ ಏನಿಲ್ಲ, ಕೂತಿದ್ದರೆ ಸಾಕು ಎಂದಳು. ಅವಳ ಪ್ರಾಮಾಣಿಕತೆಗೆ ನಗು ಬಂತು. ಏಳುವ ಮುಂಚೆ, ಮನಸ್ಸು ತಡೆಯದೆ, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದರ ಬಗ್ಗೆ ಕೇಳಿಬಿಟ್ಟೆ.

ಅವಳು ನರ್ಸಿಂಗ್ ಓದಿದ ಹುಡುಗಿ. ಕಬ್ಬಿಣದಿಂದ ಏನೂ ಆಗೋದಿಲ್ಲ ಆಂಟಿ, ಫಿಟ್ಸ್ ತನ್ನಷ್ಟಕ್ಕೆ ನಿಲ್ಲುತ್ತೆ, ಜನ ಕಬ್ಬಿಣದಿಂದ ನಿಂತಿತು ಅಂದುಕೊಳ್ಳುತ್ತಾರೆ ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೃದಯ ನಿಂತು ಬಿದ್ದವರಿಗೂ ಮೊದಲು ಸ್ವಲ್ಪ ಕೈಕಾಲು ಅದುರುವುದುಂಟು, ಗೊರಕೆಯಂತೆ ಉಸಿರು ಎಳೆಯುವುದುಂಟು, ಅದನ್ನೇ ಫಿಟ್ಸ್ ಎಂದು ತಿಳಿದು ಸುಮ್ಮನೆ ಕಾದುಬಿಡುತ್ತಾರೆ, ಆ ಹೊತ್ತಿನಲ್ಲಿ ಎದೆ ಒತ್ತಿದರೆ ಕೆಲವರಾದರೂ ಉಳಿಯುತ್ತಾರೆ ಎಂದೂ ಹೇಳಿದಳು. ಪಾಠ ಹೇಳುವ ಉತ್ಸಾಹದಲ್ಲಿ ನನ್ನ ಮುಖ ನೋಡಲಿಲ್ಲ. ನಾನು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ಬಂದು ಕೆಳಗಿನ ಅಂಗಡಿಯ ಮುಂದೆ ನಿಂತುಕೊಂಡೆ. ಸೋಡಾ ಕುಡಿಯೋಣ ಎಂದು ಕೈಯಲ್ಲಿ ಹಿಡಿದವಳು ಅದು ಬಿಸಿಯಾಗುವವರೆಗೂ ಹಾಗೇ ಹಿಡಿದಿದ್ದೆ.

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಓಬಳಾಪುರದ ಕಡೆಯ ಕೆಂಪು ಗುಡ್ಡಗಳು ಕಾಣುತ್ತಿದ್ದವು. ಅಳು ಬರುತ್ತದೆಂದುಕೊಂಡಿದ್ದೆ, ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿಕೊಂಡರೆ ಭಾವನ ಮೇಲೆಯೇ. ಗಾಡಿ ಕರೆಯುತ್ತೇವೆ ಎಂದವರನ್ನು ತಡೆದವರು ಅವರು. ನನಗೆ ಗೊತ್ತಿದೆ ಎಂದವರು ಅವರು. ಊರು ಹತ್ತಿರ ಬರುತ್ತಾ ಬರುತ್ತಾ ಆ ಸಿಟ್ಟು ಇಳಿಯಿತು. ಆ ವರ್ಷ ಪೂರ್ತಿ ಭಾವ ಹೇಗಿದ್ದರು ಎಂಬುದು ಕಣ್ಣಿಗೆ ಕಟ್ಟಿತು. ತಮ್ಮನ ಜಾಗದಲ್ಲಿ ನಿಂತು ಕಟಿಂಗ್ ಕಲಿತಿದ್ದರು. ತಾವು ಉಣ್ಣುವ ಮುಂಚೆ ಮಗಳು ಉಂಡಳಾ ಎಂದು ಕೇಳುತ್ತಿದ್ದರು. ಫಿಟ್ಸ್ ವಾಪಸು ಬಂದು ತಮ್ಮನನ್ನು ತಗೊಂಡು ಹೋಯಿತು, ಈ ಸಲ ಕಬ್ಬಿಣಕ್ಕೂ ಬಗ್ಗಲಿಲ್ಲ ಎಂದು ಬಂದವರಿಗೆ ಹೇಳುತ್ತಿದ್ದರು. ಡಾಕ್ಟರು ಹೃದಯ ಎಂದದ್ದನ್ನು ಅವರು ಕೇಳಿಸಿಕೊಂಡೇ ಇಲ್ಲವೇನೋ ಎಂದು ನನಗೆ ಅನ್ನಿಸುತ್ತಿತ್ತು. ಆ ನಂಬಿಕೆಯೊಂದರ ಮೇಲೆ ಅವರು ಎದ್ದು ಓಡಾಡುತ್ತಿದ್ದರು. ಅದನ್ನು ಕಿತ್ತುಕೊಂಡರೆ ಉಳಿಯುವುದು ಏನು? ನನಗೆ ಗೊತ್ತಾದದ್ದು ನನ್ನ ಹತ್ತಿರವೇ ಇರಲಿ, ಭಾವನ ಕಿವಿಗೆ ಇದು ಬೀಳಬಾರದು ಎಂದು ಬಸ್ಸಿಳಿಯುವ ಮೊದಲೇ ತೀರ್ಮಾನಿಸಿದೆ.

ಮಗಳು ಫೋನಿನಲ್ಲೇ ಒಂದು ಕೋರ್ಸಿದೆ ಎಂದು ತೋರಿಸಿದಳು. ಹಸಿರು ಹುಲ್ಲಿನ ಮೇಲೆ ಬೆಳ್ಳಗಿನ ಒಬ್ಬಾತ ಮಲಗಿದ್ದ, ಇನ್ನೊಬ್ಬಾತ ನಗುನಗುತ್ತಾ ಅವನ ಎದೆ ಒತ್ತುತ್ತಿದ್ದ. ನಾನು ದಿಂಬು ಒತ್ತಿ ನೋಡಿದೆ. ಹತ್ತಿ ಒಂದು ಕಡೆ ಗಂಟಾಯಿತು, ಮಗಳು ನಕ್ಕು ಉರುಳಾಡಿದಳು. ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು ಎಂದು ಆ ಕೋರ್ಸಿಗೆ ಅಷ್ಟು ಮರ್ಯಾದೆ ಕೊಟ್ಟು, ಅದನ್ನು ಅಲ್ಲಿಗೇ ಕೈಬಿಟ್ಟೆ.

ಅಷ್ಟರಲ್ಲಿ ತಂಗಿ ಊರಿನಿಂದ ಫೋನು ಮಾಡಿದಳು. "ಅಕ್ಕಾ, ಮಡಕಶಿರಾದಾಗೆ ಎರಡು ದಿವ್ಸ ಹೇಳ್ಕೊಡ್ತಾರಂತೆ. ಬೊಂಬೆ ಐತೆ, ಒಬ್ಬೊಬ್ರ ಕೈಯಾಗೂ ಮಾಡಿಸ್ತಾರಂತೆ. ನೀನು ಬಂದ್ಬುಡು," ಎಂದಳು. ತೆಲುಗಿನಲ್ಲೂ ಹೇಳುತ್ತಾರೆ, ಕನ್ನಡದಲ್ಲೂ ಹೇಳುತ್ತಾರೆ, ಅರ್ಥವಾಗದಿದ್ದರೆ ಮತ್ತೆ ಹೇಳುತ್ತಾರೆ ಎಂದೂ ಸೇರಿಸಿದಳು. ನಾನು ಹುಡುಕುತ್ತಿದ್ದದ್ದು ಇದನ್ನೇ. ಅರ್ಥವಾಗುತ್ತದೆ ಎನ್ನುವುದೇ ಈಗ ನನಗೆ ಭಯವಾಗಿತ್ತು.

ಯಾಕೆಂದರೆ ಯೂನಿಟ್ಟಿನಿಂದ ನನ್ನ ಜೊತೆ ಕಲಿಯಬೇಕಾದ ಎರಡನೆಯವರು ಯಾರು ಎನ್ನುವುದು ಇತ್ಯರ್ಥವಾಗಿತ್ತು. ಹೊಲಿಗೆಯ ಹೆಂಗಸರನ್ನು ಎರಡು ದಿನ ಹೊರಗೆ ಕಳಿಸಲು ಅವರ ಮನೆಯವರು ಒಪ್ಪಲಿಲ್ಲ. ನಾನೇ ಹೋಗುತ್ತೇನೆ ಎಂದು ಭಾವ ಮಗಳ ಮೂಲಕ ಹೇಳಿ ಕಳಿಸಿದ್ದರು. ನಾನು ನನಗೆ ತಿಳಿದ ಜಾಣತನ ಮಾಡಿದೆ. ಭಾವ ಬಳ್ಳಾರಿಗೆ ಹೋಗಲಿ, ಇಂಗ್ಲಿಷಿನಲ್ಲಿ ಹೇಳಿದ್ದು ಅವರ ತಲೆಯ ಮೇಲೆ ಹಾದುಹೋಗುತ್ತದೆ, ಎ.ಸಿ.ಯಲ್ಲಿ ಅರ್ಧ ದಿನ ಕೂತು ಬಂದರೆ ಸರ್ಟಿಫಿಕೇಟು ಸಿಗುತ್ತದೆ. ನಾನು ಮಡಕಶಿರಾಕ್ಕೆ ಹೋಗಿ ನಿಜವಾಗಿ ಕಲಿಯುತ್ತೇನೆ. ಕೋರ್ಸು ಆರಿಸುವುದರಲ್ಲಿ ಒಬ್ಬರಿಗೆ ಚೆನ್ನಾಗಿ ಕಲಿಸುವುದನ್ನೂ ಇನ್ನೊಬ್ಬರಿಗೆ ಏನೂ ಕಲಿಸದಿರುವುದನ್ನೂ ಹುಡುಕಿದವಳು ನಾನೊಬ್ಬಳೇ ಇರಬೇಕು. ಬಳ್ಳಾರಿ ಹತ್ತಿರ, ದೊಡ್ಡಪ್ಪನಿಗೆ ದೂರದ ಬಸ್ಸು ಆಗಿಬರುವುದಿಲ್ಲ ಎಂದು ಮಗಳ ಕೈಲಿ ಹೇಳಿಸಿದೆ. ಇಸ್ತ್ರಿ ಪೆಟ್ಟಿಗೆ ಒಂದು ಕ್ಷಣ ನಿಂತಿತು. "ನಿಮ್ಮವ್ವ ಎಲ್ಲಿ ಹೋಗ್ತಾಳ, ನಾನೂ ಅಲ್ಲಿಗೇ ಹೋಗ್ತೀನಿ ಅಂತ ಹೇಳು," ಎಂದರು. ಮಗಳು ನನ್ನ ಕಡೆ ತಿರುಗಿದಳು. ಕೇಳಿಸಿತು ಎಂದೆ.

ಕಲ್ಯಾಣದುರ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹೋದೆವು. ಭಾವ ಮುಂದಿನ ಬಾಗಿಲ ಹತ್ತಿರ, ನಾನು ಹಿಂದೆ. ಬಸ್ಸು ನಿಂತಾಗೊಮ್ಮೆ ಅವರು ಇಳಿದು, ಕಿಟಕಿಯ ಹೊರಗಿನಿಂದ ನನ್ನ ಮುಖ ನೋಡದೆ ನೀರಿನ ಬಾಟಲಿ ಕೊಟ್ಟು ಹೋಗುತ್ತಿದ್ದರು. ತಂಗಿಯ ಮನೆಯಲ್ಲಿ ರಾಗಿ ಮುದ್ದೆ, ಕಡ್ಲೇಕಾಯಿ ಚಟ್ನಿ ಮಾಡಿದ್ದಳು. ಭಾವ ಜಗುಲಿಯಲ್ಲಿ ಉಂಡರು, ನಾವು ಒಳಗೆ. ಹುಳದ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತಿತ್ತು. ಆ ವಾಸನೆಗೂ ನಮ್ಮವರು ಬಿದ್ದ ದಿನದ ಆ ಫೋನಿಗೂ ನನ್ನಲ್ಲಿ ನಂಟು ಬಿದ್ದುಹೋಗಿದೆ, ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದೆ.

ಬೆಳಿಗ್ಗೆ ಆಟೋದಲ್ಲಿ ಮಡಕಶಿರಾಕ್ಕೆ ಹೋದೆವು. ಪೇಟೆಯ ಒಂದು ಹಾಲಿನಲ್ಲಿ ಜಮಖಾನ ಹಾಸಿ, ಸೊಂಟದವರೆಗೆ ಮಾತ್ರ ಇರುವ ಬೊಂಬೆಗಳನ್ನು ಸಾಲಾಗಿ ಮಲಗಿಸಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಮುಚ್ಚಿತ್ತು. ಹೇಳಿಕೊಡುವಾಕೆ ನಡುವಯಸ್ಸಿನ ಹೆಂಗಸು, ಗಟ್ಟಿ ದನಿ. ಭಾವ ಗಂಡಸರ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು. ಒಬ್ಬ ಮನುಷ್ಯ ನಿಮ್ಮ ಮುಂದೆಯೇ ಕುಸಿದು ಬಿದ್ದರೆ ಏನು ಮಾಡುತ್ತೀರಿ ಎಂದು ಆಕೆ ಕೇಳಿದರು. ಒಬ್ಬರು ನೀರು ಕುಡಿಸುತ್ತೇವೆ ಎಂದರು, ಒಬ್ಬರು ಈರುಳ್ಳಿ ಮೂಸಿಸುತ್ತೇವೆ ಎಂದರು. ಒಬ್ಬಾತ ಎದ್ದು ನಿಂತು, ಕೈಗೆ ಕಬ್ಬಿಣ ಕೊಡುತ್ತೇವೆ ಎಂದ. ನಾನು ತಟ್ಟನೆ ಕೈಯೆತ್ತಿ ಚೇಳು ಕಡಿದರೆ ಏನು ಮಾಡಬೇಕು ಎಂದು ಕೇಳಿದೆ. ಎಲ್ಲರೂ ತಿರುಗಿ ನೋಡಿದರು. ಚೇಳು ನಾಳೆಗೆ ಬರುತ್ತದಮ್ಮ ಎಂದು ಆಕೆ ಕಬ್ಬಿಣಕ್ಕೇ ವಾಪಸು ಹೋದರು.

ಬಳ್ಳಾರಿಯ ಹುಡುಗಿ ಹೇಳಿದ್ದನ್ನೇ ಆಕೆ ಹೇಳಿದರು, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ, ತಿಳೀತಾ ಎಂದು ಕೇಳಿ ಮತ್ತೊಮ್ಮೆ. ಅದುರುವುದನ್ನು ನೋಡಿ ಮೋಸ ಹೋಗಬೇಡಿ, ಭುಜ ತಟ್ಟಿ ಕರೆಯಿರಿ, ಉಸಿರು ಸರಿಯಾಗಿ ಇಲ್ಲವಾದರೆ ಆಂಬುಲೆನ್ಸಿಗೆ ಒಬ್ಬರು ಫೋನು ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಒತ್ತಲು ಶುರು ಮಾಡಲಿ, ಕಾಯಬೇಡಿ. ಒತ್ತಿದವರೆಲ್ಲ ಬದುಕುತ್ತಾರೆ ಎಂದು ನಾನು ಹೇಳುವುದಿಲ್ಲ, ಒತ್ತದಿದ್ದರೆ ಬದುಕುವುದು ಕಷ್ಟ ಎಂದರು. ನಾನು ಗೋಡೆಯ ಫ್ಯಾನಿನ ಸ್ವಿಚ್ಚನ್ನೇ ನೋಡುತ್ತಿದ್ದೆ. ಭಾವ ಕೂತ ಕಡೆ ತಿರುಗುವ ಧೈರ್ಯ ನನಗೆ ಬರಲಿಲ್ಲ. ಇಷ್ಟು ದೂರ ಕರೆತಂದು ಅವರಿಗೆ ಇದನ್ನು ಕೇಳಿಸಿದೆನಲ್ಲ ಎಂದುಕೊಂಡೆ.

ಆಮೇಲೆ ಜೋಡಿ ಮಾಡಿದರು. ಒಂದೇ ಕಡೆಯಿಂದ ಬಂದವರು ಒಂದು ಬೊಂಬೆಗೆ, ಒಬ್ಬರು ಒತ್ತಬೇಕು, ಒಬ್ಬರು ಜೋರಾಗಿ ಎಣಿಸಬೇಕು. ನಾವಿಬ್ಬರು ರಾಯದುರ್ಗದವರು. ನಮ್ಮ ರೂಢಿ ಆಕೆಗೆ ಹೇಗೆ ಗೊತ್ತಾಗಬೇಕು? ಬೊಂಬೆಯ ಆ ಕಡೆ ಭಾವ ಮಂಡಿಯೂರಿದರು, ಈ ಕಡೆ ನಾನು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಮುಖ ಅಷ್ಟು ಹತ್ತಿರದಿಂದ ನೋಡಿದೆ. ಮುದುಕರಾಗಿದ್ದರು. ಹುಬ್ಬು ನೆರೆತಿತ್ತು. ಮೂಗು ಥೇಟು ನಮ್ಮವರದೇ.

ನಾನು ಎಣಿಸಿದೆ, ಅವರು ಒತ್ತಿದರು. ದಿನಕ್ಕೆ ರಾಶಿ ಪ್ಯಾಂಟಿಗೆ ಇಸ್ತ್ರಿ ಹಾಕಿದ ತೋಳುಗಳು, ಮೊಣಕೈ ಬಗ್ಗದೆ ನೇರವಾಗಿ ಇಳಿಯುತ್ತಿದ್ದವು. ಬೊಂಬೆಯೊಳಗೆ ಸರಿಯಾಗಿ ಒತ್ತಿದಾಗ ಟಕ್ ಎನ್ನುವ ಸದ್ದು ಪ್ರತಿ ಸಲವೂ ಬಂತು. ಹೇಳಿಕೊಡುವಾಕೆ ಎಲ್ಲರನ್ನೂ ಕರೆದು, ನೋಡಿ, ಹೀಗೆ ಒತ್ತಬೇಕು ಎಂದರು. ಆಮೇಲೆ ಸಾಕು, ಈಗ ಬದಲಾಯಿಸಿ ಎಂದರು. ಭಾವ ನಿಲ್ಲಿಸಲಿಲ್ಲ. ಪೆದ್ದಾಯನಾ, ಚಾಲು, ಅಂದರೆ ಹಿರಿಯರೇ ಸಾಕು, ಎಂದು ಆಕೆ ತೆಲುಗಿನಲ್ಲೂ ಹೇಳಿದರು. ಅವರಿಗೆ ಯಾವ ಭಾಷೆಯೂ ಕೇಳಿಸುತ್ತಿರಲಿಲ್ಲ. ನಾನು ಎಣಿಸುವುದು ನಿಂತಿತ್ತು, ಟಕ್ ಟಕ್ ಸದ್ದು ಮಾತ್ರ ಬರುತ್ತಿತ್ತು. ಬೆವರು ಅವರ ಗಲ್ಲದಿಂದ ಬೊಂಬೆಯ ಎದೆಯ ಮೇಲೆ ಬೀಳುತ್ತಿತ್ತು.

"ಸಾಕು ಭಾವ," ಎಂದೆ.

ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರ ಕೈ ನಿಂತಿತು. ಬೊಂಬೆಯ ಎದೆಯ ಮೇಲೆ ಕೈ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೊರಗೆ ಹೋದರು.

ಊಟದ ಹೊತ್ತಿಗೆ ಹುಡುಕಿದೆ. ಹಾಲಿನ ಹಿಂದೆ, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ದೂರದಲ್ಲಿ ನಿಂತೆ. ಕೂರು ಎಂದು ಕೈ ತೋರಿಸಿದರು. ಕಟ್ಟೆಯ ಆ ತುದಿಯಲ್ಲಿ ಕೂತೆ. ನಿಮಗೆ ಇದು ಕೇಳಿಸಬಾರದು ಅಂತಲೇ ಬಳ್ಳಾರಿಗೆ ಕಳಿಸಬೇಕೆಂದಿದ್ದೆ ಎಂದು ಹೇಳಿದೆ. ನನ್ನ ದನಿ ನನಗೇ ಹೊಸದಾಗಿತ್ತು.

"ನನಗ ಗೊತ್ತಿತ್ತು ತಾಯಿ," ಎಂದರು. "ಡಾಕ್ಟ್ರು ಹೇಳಿದ್ದು ಕೇಳಿಸೇತಿ. ಬಂದೋರಿಗೆ ಫಿಟ್ಸ್ ಅಂತ ಹೇಳ್ತಿದ್ದೆ, ನಿನ್ನ ಕಿವಿಗೆ ಬೀಳ್ಲಿ ಅಂತ. ಉಳಸಬಹುದಿತ್ತು ಅಂತ ನಿನಗ ಗೊತ್ತಾದ್ರ ನೀನು ಹೆಂಗ ಇರ್ತೀ? ನೀನು ಕೋರ್ಸಿಗೆ ಹೊಂಟೀ ಅಂದಾಗ, ನೀನು ಒಬ್ಬಾಕೀನೇ ಕುಂತು ಇದನ್ನ ಕೇಳಬಾರದು ಅಂತ ನಾನೂ ಬಂದೆ."

ಅವತ್ತು ನಿಮಗೆ ಗೊತ್ತಿರಲಿಲ್ಲವಲ್ಲ, ನಿಮ್ಮ ತಪ್ಪಲ್ಲ, ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು, ಅಂಗೈಯಲ್ಲಿ ಗುರುತಿತ್ತು, ಹಾಗೆ ಹಿಡಿದದ್ದನ್ನು ನೋಡಿದರೆ ಯಾರಿಗಾದರೂ ಫಿಟ್ಸ್ ಎಂದೇ ಅನ್ನಿಸುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿ ಎಂದು ಆ ಗುರುತಿನ ಮಾತು ತೆಗೆದೆ. ನನ್ನ ಹತ್ತಿರ ಇದ್ದದ್ದು ಅದೊಂದೇ.

ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು. ಒತ್ತಿ ಒತ್ತಿ ಕೆಂಪಾಗಿದ್ದವು.

"ಅವ ಹಿಡಿಲಿಲ್ಲವ್ವ," ಎಂದರು. "ಸಣ್ಣಾವಿದ್ದಾಗ ಹೆಂಗ ಹಿಡೀತಿದ್ದ, ಬಿಡಿಸಾಕ ಬರ್ತಿರಲಿಲ್ಲ. ಅವತ್ತು ಕತ್ರಿ ಇಟ್ರ ಜಾರಿ ಬಿತ್ತು. ಮತ್ತ ಇಟ್ಟೆ, ಮತ್ತ ಬಿತ್ತು. ಅವನ ಬೆರಳು ಮಡಚಲಿಲ್ಲ. ಇದು ಅದಲ್ಲ ಅಂತ ನನ್ನ ಕೈಗೆ ಅವಾಗೇ ತಿಳೀತು. ಆದ್ರ ನನಗ ಬ್ಯಾರೆ ಏನೂ ಬರ್ತಿರಲಿಲ್ಲ. ಅವನ ಬೆರಳಿನ ಮ್ಯಾಲ ನನ್ನ ಕೈ ಇಟ್ಟು, ನಾನೇ ಒತ್ತಿ ಹಿಡಕೊಂಡು ಕುಂತೆ."

ಬೇವಿನ ಹಣ್ಣುಗಳು ಕಟ್ಟೆಯ ಮೇಲೆ ಬಿದ್ದು ಒಣಗಿದ್ದವು. ಒಳಗೆ ಯಾರೋ ಮತ್ತೆ ಎಣಿಸಲು ಶುರು ಮಾಡಿದ್ದರು. ವರ್ಷವೆಲ್ಲ ನಾನು ನೆನೆದು ನೆನೆದು ಇಟ್ಟುಕೊಂಡಿದ್ದ ಗುರುತು ನಮ್ಮವರ ಹಿಡಿತದ್ದಲ್ಲ, ಈ ಮುದುಕನದು. ಹಾಗಾದರೆ ನಮ್ಮವರು ಯಾವಾಗಲೋ ಹೋಗಿಬಿಟ್ಟಿದ್ದರು, ಬರುತ್ತೇನೆಂದು ಯಾರೂ ಹಿಡಿದುಕೊಂಡಿರಲಿಲ್ಲ. ಆಗ ನಾನು ಅತ್ತೆ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಭಾವ ತಮ್ಮ ತುದಿಯಲ್ಲಿ ಕೈಗಳನ್ನು ತೊಡೆಯ ಮೇಲೆ ಹಾಗೇ ಬಿಚ್ಚಿಟ್ಟುಕೊಂಡು ಕೂತಿದ್ದರು, ಅವುಗಳನ್ನು ಎಲ್ಲಿ ಇಡಬೇಕೆಂದು ಗೊತ್ತಿಲ್ಲದವರಂತೆ.

ನಾನು ಕಟ್ಟೆಯ ಮೇಲೆ ಸರಿದು ಕೂತು ಅವರ ಬಲಗೈಯಲ್ಲಿ ನನ್ನ ಕೈ ಇಟ್ಟೆ. ಸೊಸೆಯಾದವಳು ಮಾಡಬಾರದ್ದು. ಕಟ್ಟೆಯ ಮುಂದೆ ಜನ ಓಡಾಡುತ್ತಿದ್ದರು, ನೋಡಿದವರು ನೋಡಿದರು. ಅವರ ಕೈ ಮೊದಲು ಸುಮ್ಮನೆ ಬಿದ್ದಿತ್ತು. ಆಮೇಲೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಮತ್ತೆ ಒಳಗಿನಿಂದ ಕರೆ ಬರುವವರೆಗೆ ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.